ವೈರಸ್ ಇರಲಿ, ಆ ನೆಲದ ಲೆಕ್ಕ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಸೈಬೀರಿಯಾದ ಹೆಪ್ಪುಗಟ್ಟಿದ ನೆಲ ಕರಗಿ ಹಳೇ ಕಾಲದ ವೈರಸ್‌ಗಳು ಎದ್ದು ಬರುತ್ತವೆ ಎಂಬ ನಿಮ್ಮ ವರದಿ ಓದಿದೆ. ಪಕ್ಕದಲ್ಲಿ ಹಾಕಿದ್ದು ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಚಿತ್ರ. ಪರ್ಮಾಫ್ರಾಸ್ಟ್‌ಗೂ ಅದಕ್ಕೂ ಸಂಬಂಧವಿಲ್ಲ. ಇದು ನೆಲ ಸ್ವಾಮಿ. ಮಣ್ಣು, ಕಲ್ಲು, ಹುಲ್ಲಿನ ಬೇರು ಎಲ್ಲ ಸೇರಿ ಕನಿಷ್ಠ ಎರಡು ವರ್ಷ ಸೊನ್ನೆ ಡಿಗ್ರಿ ದಾಟದೆ ಇದ್ದರೆ ಅದು ಪರ್ಮಾಫ್ರಾಸ್ಟ್. ಎರಡು ವರ್ಷ ಎನ್ನುವುದು ಪುಸ್ತಕದ ಲೆಕ್ಕ. ಎಷ್ಟೋ ಕಡೆ ಅದು ಹತ್ತಾರು ಸಾವಿರ ವರ್ಷಗಳಿಂದ ಹಾಗೇ ಇದೆ.

ನಾನು ಕಟ್ಟಡಗಳ ಅಡಿಪಾಯದ ಕೆಲಸದಲ್ಲೇ ತಲೆ ನರೆಸಿಕೊಂಡವನು. ಹಾಗಾಗಿ ನನ್ನ ಗಮನ ಮೊದಲು ಹೋಗುವುದು ಮಣ್ಣಿನ ಕಡೆಗೇ. ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ ದೊಡ್ಡ ಕಟ್ಟಡಗಳನ್ನು ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ, ಅಂದರೆ ಪೈಲ್‌ಗಳ ಮೇಲೆ ನಿಲ್ಲಿಸುತ್ತಾರೆ. ಕಟ್ಟಡದ ಅಡಿಗೆ ಗಾಳಿ ಆಡಲು ಜಾಗ ಬಿಟ್ಟಿರುತ್ತಾರೆ. ಒಳಗಿನ ಬಿಸಿ ಕೆಳಗಿಳಿದು ನೆಲ ಕರಗಬಾರದಲ್ವಾ, ಅದಕ್ಕೆ. ಅಲ್ಲಿ ಪೈಲ್‌ಗೆ ಹಿಡಿತ ಸಿಗುವುದೇ ಸುತ್ತಲಿನ ಮಣ್ಣು ಅದಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿರುವುದರಿಂದ. ಮಣ್ಣಿನೊಳಗಿನ ಮಂಜು ಕರಗಿತೋ, ಉಳಿಯುವುದು ಬರೀ ಕೆಸರು. ಒಂದು ಪೈಲ್ ಇಳಿದು ಪಕ್ಕದ್ದು ನಿಂತರೆ ಗೋಡೆ ಓರೆಯಾಗಿ ಬಿರಿಯುತ್ತದೆ.

2020ರ ಮೇ ತಿಂಗಳಲ್ಲಿ ಸೈಬೀರಿಯಾದ ನೊರಿಲ್ಸ್ಕ್‌ನಲ್ಲಿ ಕಂಪನಿಯೊಂದರ ಟ್ಯಾಂಕ್ ಒಡೆದು ಸುಮಾರು 21,000 ಟನ್ ಡೀಸೆಲ್ ಹೊರಬಂತು. ನೆಲ ಕರಗಿದ್ದೇ ಕಾರಣ ಎಂದು ಕಂಪನಿ ಹೇಳಿತು. ತನಿಖೆಯಲ್ಲಿ ಕಟ್ಟುವಾಗಿನ ತಪ್ಪುಗಳೂ ಹೊರಬಿದ್ದವು. ಕೆಟ್ಟ ಕೆಲಸವನ್ನು ಹವಾಮಾನದ ತಲೆಗೆ ಕಟ್ಟುವುದು ನಮ್ಮ ವೃತ್ತಿಯವರಿಗೆ ಹೊಸದೇನಲ್ಲ ಬಿಡಿ.

ರೋಗದ ಸುದ್ದಿ ಪೂರ್ತಿ ಸುಳ್ಳು ಅನ್ನುತ್ತಿಲ್ಲ. 2016ರಲ್ಲಿ ಸೈಬೀರಿಯಾದ ಯಮಾಲ್‌ನಲ್ಲಿ, ಕರಗಿದ ನೆಲದಿಂದ ಎದ್ದಿತು ಎನ್ನಲಾದ ಆಂಥ್ರಾಕ್ಸ್ ರೋಗ ಹಬ್ಬಿ 12 ವರ್ಷದ ಹುಡುಗನೊಬ್ಬ ತೀರಿಕೊಂಡ. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು. ಆದರೆ ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಅಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದರು ಎಂಬುದನ್ನೂ ಬರೆಯಬೇಕಿತ್ತು.

ನಿಮ್ಮ ವರದಿಯಲ್ಲಿ ಇಲ್ಲದ್ದು ಇಂಗಾಲದ ವಿಷಯ. ಉತ್ತರದ ಈ ನೆಲದಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಹೂತುಹೋಗಿದೆ. ಇಡೀ ವಾತಾವರಣದಲ್ಲಿರುವುದರ ಹತ್ತಿರ ಹತ್ತಿರ ಎರಡರಷ್ಟು. ಸತ್ತ ಹುಲ್ಲು, ಬೇರು ಚಳಿಗೆ ಕೊಳೆಯದೆ ಉಳಿದುಬಿಟ್ಟಿವೆ. ನೆಲ ಕರಗಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಶುರು ಮಾಡುತ್ತವೆ. ಗಾಳಿ ಸಿಗುವ ಕಡೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ನೀರು ನಿಂತ ಕಡೆ ಮೀಥೇನ್. ನೂರು ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಬಿಸಿ ಏರಿದಷ್ಟೂ ಇನ್ನಷ್ಟು ನೆಲ ಕರಗುತ್ತದೆ.

ಇದನ್ನು ಕೆಲವರು ಮೀಥೇನ್ ಬಾಂಬ್ ಎಂದು ಬರೆಯುತ್ತಾರೆ. ಬಾಂಬ್ ಆದರೆ ಒಂದು ದಿನ ಸಿಡಿದು ಮುಗಿಯುತ್ತದೆ. ಇದು ಹತ್ತಾರು, ನೂರಾರು ವರ್ಷ ಸೋರುವಂಥದ್ದು ಎಂದೇ ಹೆಚ್ಚಿನ ವಿಜ್ಞಾನಿಗಳು ಹೇಳುವುದು. ಕೆಲವು ಕಡೆ ಮಾತ್ರ ನೆಲ ದಿಢೀರ್ ಕುಸಿಯುತ್ತದೆ. ಸೈಬೀರಿಯಾದ ಯಾಕುಟಿಯಾ ಪ್ರಾಂತ್ಯದ ಬಟಗೈಕಾದಲ್ಲಿ 1960ರ ದಶಕದಲ್ಲಿ ಕಾಡು ಕಡಿದರು, ನೆರಳು ಹೋಯಿತು, ನೆಲ ಕುಸಿಯತೊಡಗಿತು. ಈಗ ಅಲ್ಲಿ ಸುಮಾರು ಒಂದು ಕಿಲೋಮೀಟರ್ ಅಗಲದ ಹೊಂಡ ಇದೆ, ಇನ್ನೂ ಬೆಳೆಯುತ್ತಿದೆ.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ (NOAA) 2024ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಕಾಡ್ಗಿಚ್ಚಿನ ಹೊಗೆಯನ್ನೂ ಸೇರಿಸಿದರೆ ಆರ್ಕ್ಟಿಕ್ ಟಂಡ್ರಾ, ಅಂದರೆ ಉತ್ತರದ ಮರವಿಲ್ಲದ ಚಳಿ ಬಯಲು, ಈಗ ಹೀರಿಕೊಳ್ಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಬಿಡುತ್ತಿದೆ. ಇದು ಯಾರ ಖಾತೆಗೆ? ದೇಶಗಳು ವಿಶ್ವಸಂಸ್ಥೆಗೆ ಕೊಡುವ ಲೆಕ್ಕದಲ್ಲಿ ಕಾರ್ಖಾನೆ, ವಾಹನ, ದನಕರು, ಭತ್ತದ ಗದ್ದೆ ಎಲ್ಲ ಬರುತ್ತವೆ. ತಾನಾಗಿ ಕರಗುವ ಈ ನೆಲದಿಂದ ಏಳುವ ಅನಿಲ ಬರುವುದಿಲ್ಲ, ಅದು ಮನುಷ್ಯ ನೇರವಾಗಿ ಮಾಡಿದ್ದಲ್ಲ ಎಂಬ ಕಾರಣಕ್ಕೆ. ಮುಂದಿನ ಹವಾಮಾನ ಸಮ್ಮೇಳನಕ್ಕೆ ನಿಮ್ಮ ವರದಿಗಾರರು ಹೋದರೆ ಇಂಥ ನೆಲವಿರುವ ರಷ್ಯಾ, ಕೆನಡಾದವರನ್ನು ಈ ಒಂದು ಪ್ರಶ್ನೆ ಕೇಳಿ ಬರಲಿ. ಉತ್ತರ ಏನೇ ಇದ್ದರೂ ಅಚ್ಚು ಮಾಡಿ.

ಇತಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್