ಇಲಿ ಹೊಡಿಯೂದಾದ್ರ ಇಡೀ ಶಿವಾರ ಒಂದ ದಿನ ಹೊಡೀಬೇಕು

ಸಂಪಾದಕರಿಗೆ ನಮಸ್ಕಾರ,

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲಾದ ಗಡಹಿಂಗ್ಲಜ್ ತಾಲ್ಲೂಕಿನ ಹಿರಣ್ಯಕೇಶಿ ನದಿ ದಂಡಿ ಕಬ್ಬಿನ ಸುದ್ದಿ ಅಂದ್ರ ಬರೇ ಬಿಲ್ಲಿನ ಜಗಳ, ಇಲಿ ಬಗ್ಗೆ ಯಾರೂ ಬರಿಯೂದಿಲ್ರಿ. ಮಳಿಗಾಲದಾಗ ಗಾಳಿಗೆ ಕಬ್ಬು ಮಲಗಿತು ಅಂದ್ರ ಬುಡದ ಗಣಿಕಿ ಕಡಿಯಾಕ ಚಾಲೂ ಮಾಡ್ತಾವ, ರಸ್ತೆದಾಗ ನಿಂತು ನೋಡಿದ್ರ ಕಬ್ಬಿನ ಫಡ ಹಸರ ಕಾಣತೈತಿ, ಒಳಗ ಹೊಕ್ರ ಒಣಗಿದ್ದ ಜಾಸ್ತಿ, ಕಡದ ಗಾಯದಾಗ ಕೆಂಪು ಕೊಳೆ ರೋಗ ಹೊಕ್ಕೊಂಡು ಸಕ್ಕರಿ ಅಂಶಾನೂ ಹೋಗತೈತಿ. 2025-26ಕ್ಕ ಕೇಂದ್ರ ಸರ್ಕಾರ ಗೊತ್ತ ಮಾಡಿದ ಕಬ್ಬಿನ ಕನಿಷ್ಠ ದರ, ಅಂದ್ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ ಇತ್ತು ಖರೆ, ಆದ್ರ ಅದು 10.25 ಪರ್ಸೆಂಟ್ ರಿಕವರಿಗೆ, ಅಂದ್ರ 100 ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರಿ ಬಂದ್ರ. ಇಂಥಾ ಕಬ್ಬು ಟ್ರಾಲಿ ತುಂಬಿ ಹೋದ್ರ ರಿಕವರಿ ಎಲ್ಲಿಂದ ಬರಬೇಕು?

ನಮ್ಮ ಮಂದಿ ಔಷಧ ಹಾಕೂದಿಲ್ಲ ಅಂತಲ್ಲ. ಇಂವ ಇವತ್ತು, ಬಾಜೂದಾಂವ ಮುಂದಿನ ತಿಂಗಳಾ, ಮತ್ತೊಬ್ಬಂವ ಹಾಕೂದ ಇಲ್ಲ, ಇಲಿ ಒಡ್ಡು ದಾಟಿ ಆ ಕಡೆ ಹೋಗಿ ಮತ್ತ ಈ ಕಡೆ ಬರ್ತಾವ. ಮತ್ತ ಜಿಂಕ್ ಫಾಸ್ಫೈಡ್ ಅನ್ನೋ ಇಲಿ ವಿಷದ ಪುಡಿ ತಂದ ದಿನಾನ ಕಲಸಿ ಇಟ್ರ ಅವು ಒಂಚೂರು ತಿಂದು ಹೊಟ್ಟಿ ಕೆಟ್ಟು ಉಳಕೊಂಡ್ವು ಅಂದ್ರ ತಿರಗಿ ಅದನ್ನ ಮುಟ್ಟೂದಿಲ್ಲ. ಮೊದ್ಲ ಎರಡು ದಿನ ವಿಷ ಇಲ್ಲದ ನುಚ್ಚು ಎಣ್ಣಿ ಹಚ್ಚಿ ತಿನ್ನಸಿ ರೂಢಿ ಮಾಡಿ, ಆಮ್ಯಾಲ 96 ಭಾಗ ಜ್ವಾಳದ ನುಚ್ಚಿಗೆ 2 ಭಾಗ ಎಣ್ಣಿ, 2 ಭಾಗ ಆ ವಿಷದ ಪುಡಿ ಸೇರಿಸಿ ಬಿಲದ ಒಳಗ ಇಡಬೇಕು. ಅದೂ ಎಲ್ಲಾ ಬಿಲಕ್ಕಲ್ಲ, ಸಂಜಿಕ ಎಲ್ಲಾ ಮುಚ್ಚಿ ಮುಂಜಾನೆ ಯಾವ್ದು ತೆರದಿರತೈತಿ ಅದಕ್ಕಷ್ಟ. ಈ ಪುಡಿ ಹೊಟ್ಟಿಗೆ ಹೋದ್ರ ವಿಷದ ಗ್ಯಾಸ್ ಆಗತೈತಿ, ಅದನ್ನ ಮುರಿಯೋ ಮದ್ದ ಇಲ್ಲ, ನಾಯಿ ಕೋಳಿ ಹುಡುಗ್ರು ಓಡಾಡೋ ಕಡೆ ಚೆಲ್ಲೂದಂದ್ರ ಹುಚ್ಚತನ. ಬ್ರೋಮಾಡಿಯೋಲೋನ್ ಅನ್ನೋ ಇನ್ನೊಂದು ಇಲಿ ವಿಷದ ಕೇಕ್ ನಿಧಾನ ಕೆಲಸ ಮಾಡತೈತಿ, ಇಲಿಗೆ ಸಂಶೇನೂ ಬರೂದಿಲ್ಲ, ಮನಷ್ಯಾರ ಹೊಟ್ಟಿಗೆ ಹೋದ್ರೂ ದವಾಖಾನ್ಯಾಗ ವಿಟಮಿನ್ ಕೆ ಕೊಡಾಕ ಬರತೈತಿ.

ಅದಕ್ಕ ನನ್ನ ಮಾತಿಷ್ಟ. ಕಟಾವು ಮುಗದು ಮಳಿ ಹಿಡಿಯೂದರೊಳಗ, ಮೇ ತಿಂಗಳದಾಗ ಹೊಲ ಬೋಳ ಇದ್ದು ಬಿಲ ಕಣ್ಣಿಗೆ ಕಾಣೋ ಹೊತ್ತಿನ್ಯಾಗ, ಇಡೀ ಶಿವಾರಕ್ಕ, ಅಂದ್ರ ಊರಿನ ಎಲ್ಲಾ ಹೊಲಕ್ಕ, ಒಂದ ದಿನ ಗೊತ್ತ ಮಾಡ್ರಿ. ಫ್ಯಾಕ್ಟರಿ ಸ್ಲಿಪ್ ಬಾಯ್‌ಗೆ ಯಾರ ಹೊಲದ ಗಟ್ ನಂಬರ್ (ಸರ್ವೆ ನಂಬರ್) ಯಾವ್ದು, ಕಡದ ಬುಡದಿಂದ ತಿರಗಿ ಚಿಗತ ಕುಳಿ ಕಬ್ಬು ಎಲ್ಲಿ ಐತಿ ಎಲ್ಲಾ ಬಾಯಿಪಾಠ, ಕಬ್ಬು ನೋಂದಣಿಗೆ ಮನಿ ಮನಿ ತಿರಗೋರು ಇದಕ್ಕೂ ತಿರಗಲಿ, ರಿಕವರಿ ಇಳದ್ರ ಫ್ಯಾಕ್ಟರಿಗೂ ಲುಕ್ಸಾನ ಅಲ್ಲೇನ್ರಿ. ಇಲಿ ತಿನ್ನೋ ಗೂಗಿ ಕುಂಡ್ರಾಕ ಹೊಲದಾಗ ನಾಕು ಗೂಟ ನೆಡ್ರಿ ಅಂದ್ರ ಅಪಶಕುನ ಅಂತಾರ, ಇಲಿ ಹಿಡಿಯೋ ಕೇರೆ ಹಾವು ಕಂಡ್ರ ಹೊಡಿಯಾಕ ಬಡಿಗಿ ತಗೋತಾರ, ಇವರಿಗೆ ಏನ್ ಹೇಳೂದು.

ಬೀಡ್ ಕಡೆಯಿಂದ ಬರೋ ಕಟಾವು ಗ್ಯಾಂಗಿಗೂ ಬೂಟು ಕೊಡಿಸ್ರಿ, ಕಾಲಿಗೆ ಗಾಯ ಇದ್ದು ಇಲಿ ಉಚ್ಚಿ ಬಿದ್ದ ರಾಡಿ ತುಳದ್ರ ಇಲಿ ಜ್ವರ ಬರತೈತಿ. ಮತ್ತ ವಿಷ ಕಲಸೋ ಮಾಹಿತಿ ಕಾಗದ ಬರೇ ಮರಾಠಿಯೊಳಗ ಬ್ಯಾಡ, ಕನ್ನಡದಾಗೂ ಹಾಕ್ರಿ. ನಮ್ಮ ಊರಾಗ ಔಷಧ ಕಲಸೋರು ಹಿರೇರು, ಅವರಿಗೆ ಓದಾಕ ಬರೂದು ಕನ್ನಡ ಒಂದ.

ಗಡಹಿಂಗ್ಲಜ್ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ