ಹಳೆಯ ಸಿನಿಮಾಗಳ ಪಟ್ಟಿಯಲ್ಲಿ ಇನ್ನು ಸ್ಟಾರ್ ಇರುವುದಿಲ್ಲ

ಆತ್ಮೀಯ ಸದಸ್ಯರೇ,

ನಮ್ಮ ಸಂಘದ ಮುಂದಿನ ಪಟ್ಟಿ ಕೈಗೆ ಬಂದಾಗ ಒಂದು ಬದಲಾವಣೆ ನಿಮ್ಮ ಕಣ್ಣಿಗೆ ಬೀಳುತ್ತದೆ. ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಮತ್ತು ಕಾಮಿಡಿ ವಿಭಾಗಗಳಲ್ಲಿ ಹಳೆಯ ಚಿತ್ರಗಳ ಮುಂದೆ ಇಷ್ಟು ದಿನ ರೇಟಿಂಗ್ ಆಗಿ ಇದ್ದ ಸ್ಟಾರ್‌ಗಳನ್ನು ತೆಗೆದಿದ್ದೇವೆ. ಆ ಜಾಗದಲ್ಲಿ ಚಿತ್ರವನ್ನು ನೋಡಿದ ಒಬ್ಬ ಸದಸ್ಯರ ಅಭಿಪ್ರಾಯ ಇರುತ್ತದೆ. ಕೆಳಗೆ ಬರೆದವರ ಹೆಸರು ಇರುತ್ತದೆ. ಅದನ್ನು ಒಪ್ಪದವರು ಇದ್ದರೆ ಅವರ ಮಾತೂ ಪಕ್ಕದಲ್ಲೇ ಬರುತ್ತದೆ. ಜೊತೆಗೆ, ನಮ್ಮಲ್ಲಿರುವ ಡಿಸ್ಕಿನಲ್ಲಿ ಆ ಚಿತ್ರದ ಯಾವ ಆವೃತ್ತಿ ಇದೆ ಅನ್ನುವುದನ್ನೂ ಬರೆದಿರುತ್ತೇವೆ. ಡಿಸ್ಕ್ ಪಡೆಯುವ, ಹಿಂದಿರುಗಿಸುವ ಕ್ರಮದಲ್ಲಿ ಏನೂ ಬದಲಾಗಿಲ್ಲ.

ಸ್ಟಾರ್ ನೋಡಿಯೇ ಚಿತ್ರ ಆರಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಇದು ಕಿರಿಕಿರಿ ಅನಿಸಬಹುದು. ಆದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪಟ್ಟಿ ತಯಾರಿಸುವ ಕೆಲಸ ನನ್ನದು. ಈ ಪತ್ರದಲ್ಲಿ ಬರುವ ಅಭಿಪ್ರಾಯಗಳೂ ನನ್ನವೇ. ಸಂಘದವರೆಲ್ಲ ಇವನ್ನು ಒಪ್ಪುತ್ತಾರೆ ಎಂದೇನಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯನ್ನೇ ತೆಗೆದುಕೊಳ್ಳಿ. ಕೆಲವರು ಅದಕ್ಕೆ ಐದು ಸ್ಟಾರ್ ಕೊಡುತ್ತಾರೆ. ಕೆಲವರು ಅರ್ಧಕ್ಕೇ ನಿಲ್ಲಿಸಿ ಒಂದು ಕೊಡುತ್ತಾರೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಮೂರು ಬರುತ್ತದೆ. ಮೂರು ಸ್ಟಾರ್ ಅಂದರೆ ‘ಪರವಾಗಿಲ್ಲ’ ಅಂತ ಅಲ್ವಾ? ಆದರೆ ಈ ಚಿತ್ರ ನೋಡಿ ‘ಪರವಾಗಿಲ್ಲ’ ಅಂದವರು ನನಗೆ ಇನ್ನೂ ಸಿಕ್ಕಿಲ್ಲ. ಯಾರಿಗೂ ಅನಿಸದೇ ಇದ್ದ ಮಾತನ್ನು ಪಟ್ಟಿ ಎಲ್ಲರ ಪರವಾಗಿ ಹೇಳುತ್ತಿತ್ತು.

ಇದು 1968ರ ಚಿತ್ರ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲು ಬಂದದ್ದು. ಮೊದಲ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಇದರಲ್ಲಿ ಒಂದೇ ಒಂದು ಮಾತಿಲ್ಲ. ಇದು ನಿಧಾನವಾಗಿದೆ ಅನ್ನುವವರ ಮಾತು ನಿಜ. ನನಗೆ ಆ ನಿಧಾನವೇ ಇಷ್ಟ. ತೂಕವಿಲ್ಲದ ಜಾಗದಲ್ಲಿ ಯಾರೂ ಸರಸರ ಓಡಾಡಲಾರರು. ಗಾಳಿಯಿಲ್ಲದ ಕಡೆ ಸದ್ದೂ ಇರುವುದಿಲ್ಲ. ನೌಕೆಯ ಹೊರಗಿನ ದೃಶ್ಯಗಳಲ್ಲಿ ಕೆಲವೊಮ್ಮೆ ಯಾತ್ರಿಯ ಉಸಿರು ಮಾತ್ರ ಕೇಳುತ್ತದೆ. ಆಮೇಲೆ ಅದೂ ನಿಂತುಹೋಗುತ್ತದೆ. ಆ ಕ್ಷಣದಲ್ಲಿ ಆಗುವ ಭಯವನ್ನು ಎಷ್ಟೋ ದೊಡ್ಡ ಸ್ಫೋಟದ ದೃಶ್ಯಗಳೂ ನನ್ನಲ್ಲಿ ಹುಟ್ಟಿಸಿಲ್ಲ. ‘ರಾತ್ರಿ ದೀಪ ಆರಿಸಿ, ಫೋನ್ ದೂರ ಇಟ್ಟು, ಒಂದೇ ಸಲಕ್ಕೆ ಪೂರ್ತಿ ನೋಡಿ. ದಣಿದ ದಿನ ಬೇಡ’ ಎಂದು ನಾನು ಪಟ್ಟಿಯಲ್ಲಿ ಬರೆದಿದ್ದೇನೆ. ಸ್ಟಾರ್ ಇದನ್ನು ಹೇಳಲಾರದು.

ಇನ್ನು ಗ್ರಾಫಿಕ್ಸ್ ವಿಷಯ. ಹಳೆಯ ಫ್ಯಾಂಟಸಿ ಚಿತ್ರಗಳಿಗೆ ಸ್ಟಾರ್ ಕಡಿಮೆಯಾಗಲು ಇದೇ ಮುಖ್ಯ ಕಾರಣ. ‘ಗೊಂಬೆ ಅಂತ ಗೊತ್ತಾಗುತ್ತೆ’ ಅನ್ನುತ್ತಾರೆ. ಹೌದು, ಗೊತ್ತಾಗುತ್ತದೆ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ನಾವು ನೋಡುವ ದೈತ್ಯ ಗೊರಿಲ್ಲ ಹೆಚ್ಚಿನ ದೃಶ್ಯಗಳಲ್ಲಿ ಸುಮಾರು ಒಂದೂವರೆ ಅಡಿಯ ಗೊಂಬೆ. ಒಳಗೆ ಲೋಹದ ಮೂಳೆ, ಮೇಲೆ ಮೊಲದ ತುಪ್ಪಳ. ವಿಲ್ಲಿಸ್ ಓಬ್ರಿಯನ್ ಮತ್ತು ಅವರ ಜೊತೆಗಾರರು ಅದನ್ನು ಒಂದೊಂದು ಫ್ರೇಮಿಗೂ ಕೈಯಿಂದ ಒಂಚೂರು ಸರಿಸಿ ಚಿತ್ರೀಕರಿಸಿದರು. ಗಮನವಿಟ್ಟು ನೋಡಿದರೆ ಕಾಂಗ್‌ನ ಮೈಮೇಲಿನ ಕೂದಲು ಸದಾ ಅಲುಗುತ್ತಿರುತ್ತದೆ. ಅದು ಆ ಕೈಬೆರಳುಗಳ ಗುರುತು. ಆ ಅಲುಗಾಟ ನನ್ನ ಕಣ್ಣಿಗೆ ದೋಷವಾಗಿ ಕಂಡೇ ಇಲ್ಲ. ಕಾಂಗ್ ಉಸಿರಾಡುತ್ತಿದ್ದಾನೆ ಅನಿಸುತ್ತದೆ.

ಆ ಚಿತ್ರವನ್ನು ಹುಡುಗನಾಗಿದ್ದಾಗ ನೋಡಿ ಮರುಳಾದವರು ರೇ ಹ್ಯಾರಿಹೌಸನ್. ಮುಂದೆ ಅವರೇ ಈ ಕಲೆಯ ದೊಡ್ಡ ಹೆಸರಾದರು. 1963ರ ‘ಜೇಸನ್ ಅಂಡ್ ದ ಆರ್ಗೊನಾಟ್ಸ್’ನಲ್ಲಿ ಏಳು ಅಸ್ಥಿಪಂಜರಗಳು ನೆಲದಿಂದ ಎದ್ದು ಬಂದು ಕತ್ತಿವರಸೆಗೆ ನಿಲ್ಲುತ್ತವೆ. ತೆರೆಯ ಮೇಲೆ ಕೆಲವೇ ನಿಮಿಷಗಳ ಈ ಕಾಳಗಕ್ಕೆ ಹ್ಯಾರಿಹೌಸನ್ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದುಡಿದರು. ಚಿತ್ರದ ಉಳಿದ ಭಾಗ ಅಷ್ಟು ಚೆನ್ನಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೇಸನ್ ಪಾತ್ರದಲ್ಲಿ ಸತ್ವ ಕಡಿಮೆ, ಮಾತುಗಳೂ ಸಪ್ಪೆ. ಆದರೆ ಆ ಕಾಳಗಕ್ಕಾಗಿಯೇ ಡಿಸ್ಕ್ ತೆಗೆದುಕೊಂಡು ಹೋಗಬಹುದು. ಒಂದು ಅದ್ಭುತ ದೃಶ್ಯವಿರುವ ಸಾಧಾರಣ ಚಿತ್ರಕ್ಕೆ ಎಷ್ಟು ಸ್ಟಾರ್ ಕೊಡಬೇಕು? ನನಗಂತೂ ಗೊತ್ತಾಗಲಿಲ್ಲ. ಎರಡು ಸಾಲಿನಲ್ಲಿ ಹೇಳುವುದು ಸುಲಭವಾಯಿತು.

‘ದ ವಿಝರ್ಡ್ ಆಫ್ ಆಝ್’ ಬಗ್ಗೆಯೂ ಒಂದು ಮಾತು. 1939ರದು. ಕಂದುಬಣ್ಣದ ಮನೆಯೊಳಗಿಂದ ನಾಯಕಿ ಡೊರೊತಿ ಬಾಗಿಲು ತೆರೆದಾಗ ಹೊರಗೆ ಬಣ್ಣದ ಲೋಕ ಕಾಣುತ್ತದೆ. ಇದನ್ನು ಲ್ಯಾಬಿನಲ್ಲಿ ಮಾಡಿದ್ದಲ್ಲ. ಮನೆಯ ಒಳಭಾಗಕ್ಕೇ ಕಂದು ಬಣ್ಣ ಬಳಿದರು. ಡೊರೊತಿಯಂತೆ ಕಂದು ಉಡುಪು ತೊಟ್ಟ ಇನ್ನೊಬ್ಬರು ಬಾಗಿಲು ತೆರೆದು ಬದಿಗೆ ಸರಿದರು. ನಂತರ ಡೊರೊತಿ ಪಾತ್ರ ಮಾಡಿದ ಜೂಡಿ ಗಾರ್ಲಂಡ್ ನೀಲಿ ಉಡುಪಿನಲ್ಲಿ ಮುಂದೆ ಬಂದರು. ಅಷ್ಟೇ. ಇದನ್ನು ತಿಳಿದ ಮೇಲೆ ನನಗೆ ಆ ಶಾಟ್ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು.

‘ಮಾಯಾಬಜಾರ್’ ಇದೇ ಸಾಲಿಗೆ ಸೇರುತ್ತದೆ. ಕೆ.ವಿ. ರೆಡ್ಡಿ ನಿರ್ದೇಶನ, 1957. ಘಟೋತ್ಕಚನಾಗಿ ಎಸ್.ವಿ. ರಂಗರಾವ್ ಊಟಕ್ಕೆ ಕೂರುವ ದೃಶ್ಯವನ್ನು ಯಾರು ಮರೆಯುತ್ತಾರೆ? ಭಕ್ಷ್ಯಗಳು ತಾವಾಗಿಯೇ ಅವರ ಬಾಯಿಗೆ ಹೋಗುತ್ತವೆ. ಫ್ಯಾಂಟಸಿ ಮತ್ತು ಹಾಸ್ಯ ಇಷ್ಟು ಸಲೀಸಾಗಿ ಒಂದಾದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. 2010ರಲ್ಲಿ ಇದಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನಮ್ಮಲ್ಲಿರುವುದು ಕಪ್ಪು ಬಿಳುಪಿನದು. ಬೆಳದಿಂಗಳಲ್ಲಿ ದೋಣಿ ಸಾಗುವ ಹಾಡಿಗೆ ಅದೇ ಸರಿ ಎಂದು ನಾನು ಬಲವಾಗಿ ನಂಬುತ್ತೇನೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಬೆಳಕು ನೆರಳಿನಲ್ಲಿ ಯೋಚಿಸಿ ತೆಗೆದದ್ದು ಅದು.

ಆವೃತ್ತಿಯ ಮಾತಿಗೆ ಬಂದೆವು. ಸ್ಟಾರ್ ತೆಗೆಯಲು ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಒಂದೇ ಹೆಸರಿನ ಚಿತ್ರವನ್ನು ಇಬ್ಬರು ನೋಡಿರುತ್ತಾರೆ. ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ತೆಗಳುತ್ತಾರೆ. ಕೇಳುತ್ತಾ ಹೋದರೆ ಇಬ್ಬರೂ ನೋಡಿದ ಚಿತ್ರವೇ ಬೇರೆ ಬೇರೆ!

1954ರ ಜಪಾನಿ ‘ಗಾಡ್ಜಿಲ್ಲಾ’ ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷದ ಮಾರ್ಚ್‌ನಲ್ಲಿ ಬಿಕಿನಿ ದ್ವೀಪದ ಬಳಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತು. ಅದರ ವಿಕಿರಣದ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ಹಿರೋಷಿಮಾ, ನಾಗಸಾಕಿ ಆಗಿ ಒಂಬತ್ತೇ ವರ್ಷವಾಗಿತ್ತು. ಇಷಿರೋ ಹೋಂಡಾ ಅದೇ ವರ್ಷ ಈ ಚಿತ್ರ ತೆಗೆದರು. ಆರಂಭದಲ್ಲೇ ಒಂದು ದೋಣಿ ನಾಶವಾಗುತ್ತದೆ. ಜಪಾನಿನ ಪ್ರೇಕ್ಷಕರಿಗೆ ಅದೇನು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದೆ ಆಸ್ಪತ್ರೆಯ ದೃಶ್ಯ ಬರುತ್ತದೆ. ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಆ ದೃಶ್ಯ ನೋಡಿದ ಮೇಲೆ ಇದನ್ನು ‘ರಾಕ್ಷಸ ಪ್ರಾಣಿಯ ಸಿನಿಮಾ’ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

1956ರಲ್ಲಿ ಅಮೆರಿಕದಲ್ಲಿ ತೆರೆ ಕಂಡದ್ದು ಬೇರೆ. ಮೂಲದ ಭಾಗಗಳನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನ ಪಾತ್ರದಲ್ಲಿ ಹೊಸದಾಗಿ ಚಿತ್ರೀಕರಿಸಿ ಸೇರಿಸಿದರು. ಬಾಂಬಿನ ನೋವು ಅದರಲ್ಲಿ ಬಹಳ ಮಟ್ಟಿಗೆ ಕರಗಿಹೋಯಿತು. ಅದನ್ನು ಮಾತ್ರ ನೋಡಿದವರು ‘ಸುಮ್ನೆ ಊರು ಕೆಡವುವ ಸಿನಿಮಾ’ ಅಂದರೆ ಅವರನ್ನು ನಾನು ದೂರುವುದಿಲ್ಲ. ಇನ್ನು ಮುಂದೆ ಎರಡೂ ನಮ್ಮ ಪಟ್ಟಿಯಲ್ಲಿ ಬೇರೆ ಬೇರೆ ನಮೂದಾಗಿ ಇರುತ್ತವೆ. ಯಾವುದನ್ನು ಮೊದಲು ನೋಡಬೇಕು ಎಂದು ಕೇಳಿದರೆ ನನ್ನ ಉತ್ತರ 1954ರದು.

ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ ಕಥೆಯೂ ಇಂಥದೇ. 1927ರಲ್ಲಿ ಮೊದಲ ಪ್ರದರ್ಶನದ ನಂತರ ಅದನ್ನು ತುಂಬಾ ಕತ್ತರಿಸಿದರು. ಕತ್ತರಿಸಿದ ಭಾಗ ಶಾಶ್ವತವಾಗಿ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ಸಿನಿಮಾ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ತಿ ಚಿತ್ರದ 16 ಎಂಎಂ ಪ್ರತಿ ಸಿಕ್ಕಿತು. ಸುಮಾರು 25 ನಿಮಿಷ ಮರಳಿ ಬಂತು. 2010ರಲ್ಲಿ ಅದನ್ನು ಸೇರಿಸಿ ತೋರಿಸಿದರು. ಆ ಭಾಗಗಳ ಮೇಲೆ ಗೀರುಗಳು ಎದ್ದು ಕಾಣುತ್ತವೆ. ಆದರೆ ಕಥೆ ಕೊನೆಗೂ ಕೂಡಿಕೊಳ್ಳುತ್ತದೆ. ಚಿಕ್ಕ ಆವೃತ್ತಿ ನೋಡಿ ‘ಸೆಟ್ ಚೆನ್ನಾಗಿದೆ, ಕಥೆ ಅರ್ಥವಾಗಲಿಲ್ಲ’ ಎಂದು ಬಿಟ್ಟವರು ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ. ‘ಬ್ಲೇಡ್ ರನ್ನರ್’ ವಿಷಯದಲ್ಲಿ ನನ್ನ ಮಾತು ಚಿಕ್ಕದು. 1982ರಲ್ಲಿ ಚಿತ್ರಮಂದಿರಕ್ಕೆ ಬಂದದ್ದರಲ್ಲಿ ನಾಯಕನ ನಿರೂಪಣೆ ಇತ್ತು. ನಿರ್ದೇಶಕ ರಿಡ್ಲಿ ಸ್ಕಾಟ್ ಅವರ 2007ರ ಆವೃತ್ತಿಯಲ್ಲಿ ಅದು ಇಲ್ಲ. ನಿರೂಪಣೆ ಇಲ್ಲದ್ದೇ ನನಗೆ ಮೇಲು.

ಕಾಮಿಡಿಯ ಬಗ್ಗೆ ಬರೆಯುವುದೇ ಎಲ್ಲಕ್ಕಿಂತ ಕಷ್ಟ. ನಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಾದ ಮಾಡಿ ಯಾರನ್ನೂ ನಗಿಸಲಾಗದು. ಆದರೂ ಮೂಕಿ ಚಿತ್ರಗಳ ಪರವಾಗಿ ಒಂದು ಮಾತು ಹೇಳಲೇಬೇಕು. ‘ಅವರೆಲ್ಲ ಯಾಕೆ ಹಾಗೆ ಗಡಿಬಿಡಿಯಲ್ಲಿ ಓಡಾಡುತ್ತಾರೆ?’ ಎಂದು ಬಹಳ ಜನ ಕೇಳುತ್ತಾರೆ. ಆ ಕಾಲದ ಕ್ಯಾಮೆರಾಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ಅನೇಕ ಚಿತ್ರಗಳನ್ನು 24ಕ್ಕಿಂತ ಕಡಿಮೆ ಫ್ರೇಮಿನಲ್ಲಿ ತೆಗೆದಿದ್ದಾರೆ. ಅದನ್ನು ಮುಂದೆ ರೂಢಿಗೆ ಬಂದ 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಚಡಪಡಿಸಿದಂತೆ ಕಾಣುತ್ತಾರೆ. ವೇಗ ಸರಿಪಡಿಸಿದ ಡಿಸ್ಕ್ ಯಾವುದು ಅನ್ನುವುದೂ ಇನ್ನು ಪಟ್ಟಿಯಲ್ಲಿ ಇರುತ್ತದೆ.

ಬಸ್ಟರ್ ಕೀಟನ್ ಅವರ ‘ದ ಜನರಲ್’ 1926ರಲ್ಲಿ ಬಂದಾಗ ಜನ ಕೈಹಿಡಿಯಲಿಲ್ಲ. ಅದರಲ್ಲಿ ಉರಿಯುವ ಸೇತುವೆಯಿಂದ ಹೊಳೆಗೆ ಬೀಳುವ ರೈಲು ಎಂಜಿನ್ ನಿಜವಾದದ್ದು. ಮಾದರಿ ಗೊಂಬೆಯಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಕೀಟನ್ ಮೇಲೆ ಬೀಳುತ್ತದೆ. ಕಿಟಕಿಯ ಜಾಗದಲ್ಲಿ ನಿಂತಿದ್ದರಿಂದ ಅವರು ಬದುಕುತ್ತಾರೆ. ಗೋಡೆ ನಿಜ, ತೂಕ ನಿಜ, ಅಪಾಯವೂ ನಿಜ. ಇಷ್ಟೆಲ್ಲ ಆದರೂ ಅವರ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಾಸ್ಯನಟರಲ್ಲಿ ಅವರೇ ಮೊದಲು. ಚಾಪ್ಲಿನ್ ಅಭಿಮಾನಿಗಳು ನಮ್ಮಲ್ಲಿ ಜಾಸ್ತಿ ಇದ್ದಾರೆ. ಅವರು ಇದಕ್ಕೆ ಉತ್ತರ ಬರೆಯಲಿ, ಖಂಡಿತ ಪ್ರಕಟಿಸುತ್ತೇವೆ.

ಝಾಕ್ ತಾತಿ ಅವರ ‘ಪ್ಲೇಟೈಮ್’ (1967) ಬಗ್ಗೆ ಸಂಘದೊಳಗೇ ಜಗಳವಿದೆ. ಅದಕ್ಕೆ ಕಥೆ ಇಲ್ಲವೆನ್ನುವಷ್ಟು ಕಡಿಮೆ. ತಮಾಷೆ ತೆರೆಯ ಮೂಲೆಮೂಲೆಯಲ್ಲಿ ನಡೆಯುತ್ತಿರುತ್ತದೆ. ಎಲ್ಲಿ ನೋಡಬೇಕು ಅನ್ನುವುದನ್ನು ನಾವೇ ಹುಡುಕಿಕೊಳ್ಳಬೇಕು. ಅದಕ್ಕಾಗಿ ತಾತಿ ಒಂದು ನಗರವನ್ನೇ ಸೆಟ್ ಹಾಕಿಸಿ ಸಾಲದಲ್ಲಿ ಮುಳುಗಿದರು. ನನಗೆ ಅದು ಪದೇಪದೇ ನೋಡಬೇಕಾದ ಚಿತ್ರ. ನನ್ನ ಸಹೋದ್ಯೋಗಿಯೊಬ್ಬರಿಗೆ ಅದು ಎರಡು ಗಂಟೆಯ ಬೇಸರ. ಎರಡನ್ನೂ ಪಟ್ಟಿಯಲ್ಲಿ ಓದಬಹುದು. 70 ಎಂಎಂನಲ್ಲಿ ತೆಗೆದದ್ದಾದ್ದರಿಂದ ಫೋನಿನಲ್ಲಿ ಮಾತ್ರ ನೋಡಬೇಡಿ ಅನ್ನುವುದನ್ನು ನಾವಿಬ್ಬರೂ ಒಪ್ಪಿದ್ದೇವೆ.

ಹಳೆಯ ಹಾಸ್ಯದಲ್ಲಿ ನೋಯಿಸುವ ಸಂಗತಿಗಳೂ ಇವೆ. ಕೀಟನ್ ಅವರದೇ ‘ಸೆವೆನ್ ಚಾನ್ಸಸ್’ (1925) ಚಿತ್ರದಲ್ಲಿ ಬಿಳಿಯ ನಟನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯನ ಪಾತ್ರ ಮಾಡಿದ್ದಾನೆ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ (1961) ಮಿಕಿ ರೂನಿ ಜಪಾನಿಯ ವೇಷದಲ್ಲಿ ಮಾಡುವ ಅಣಕ ಕಣ್ಣಿಗೆ ಚುಚ್ಚುತ್ತದೆ. ಈ ಡಿಸ್ಕ್‌ಗಳನ್ನು ನಾವು ತೆಗೆದುಹಾಕುವುದಿಲ್ಲ. ಆದರೆ ಇಂಥದ್ದು ಇದೆ ಎಂದು ಮೊದಲೇ ಸ್ಪಷ್ಟವಾಗಿ ಬರೆಯುತ್ತೇವೆ. ಮಕ್ಕಳ ಜೊತೆ ಕೂತು ನೋಡುವವರಿಗೆ ಇದು ಗೊತ್ತಿರಬೇಕು. ‘ಸೆವೆನ್ ಚಾನ್ಸಸ್’ನ ಕೊನೆಯಲ್ಲಿ ಬಂಡೆಗಳು ಕೀಟನ್‌ರನ್ನು ಬೆನ್ನಟ್ಟುವ ದೃಶ್ಯ ನನಗೆ ತುಂಬಾ ಇಷ್ಟ. ಆ ಇಷ್ಟ ಮತ್ತು ಆ ನೋವು ಎರಡೂ ಒಂದೇ ಟಿಪ್ಪಣಿಯಲ್ಲಿ ಇವೆ.

ಸ್ಟಾರ್ ಮತ್ತು ಅಭಿಪ್ರಾಯ ಎರಡನ್ನೂ ಇಡಬಹುದಲ್ಲ ಎಂದು ಕೆಲವರು ಕೇಳಿದರು. ಸಭೆಯಲ್ಲಿ ಇದರ ಚರ್ಚೆ ಆಯಿತು. ಸ್ಟಾರ್ ಇದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ, ಪಕ್ಕದ ಸಾಲುಗಳನ್ನು ಯಾರೂ ಓದುವುದಿಲ್ಲ. ಅದಕ್ಕೇ ಬೇಡ ಎಂದು ತೀರ್ಮಾನಿಸಿದೆವು. ಹಳೆಯ ಸ್ಟಾರ್‌ಗಳ ದಾಖಲೆಯನ್ನು ಎಸೆದಿಲ್ಲ. ಬೇಕಾದವರು ಕೌಂಟರಿನಲ್ಲಿ ಕೇಳಿ ನೋಡಬಹುದು.

ಅಭಿಪ್ರಾಯ ಬರೆಯಲು ಸದಸ್ಯರೆಲ್ಲರಿಗೂ ಸ್ವಾಗತ. ಚಿತ್ರವನ್ನು ಪೂರ್ತಿ ನೋಡಿರಬೇಕು. ಯಾವ ಆವೃತ್ತಿ ಎಂದು ತಿಳಿಸಬೇಕು. ಕಥೆಯ ಕೊನೆ ಹೇಳಬಾರದು. ಇಷ್ಟವಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಬರೆಯಿರಿ, ‘ಬೋರ್’ ಎಂದು ನಿಲ್ಲಿಸಬೇಡಿ. ಭಾಷೆ ತಿದ್ದಬೇಕಾದರೆ ನಾವು ತಿದ್ದುತ್ತೇವೆ, ಅಭಿಪ್ರಾಯಕ್ಕೆ ಕೈ ಹಾಕುವುದಿಲ್ಲ.

ಕೆಲವು ಚಿತ್ರಗಳಿಗೆ ಇನ್ನೂ ಟಿಪ್ಪಣಿ ಬಂದಿಲ್ಲ. ಕ್ರಿಸ್ ಮಾರ್ಕರ್ ಅವರ ‘ಲಾ ಜೆತೆ’ (1962) ಅವುಗಳಲ್ಲಿ ಒಂದು. 28 ನಿಮಿಷದ ಈ ಸೈನ್ಸ್ ಫಿಕ್ಷನ್ ಚಿತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಸ್ಥಿರಚಿತ್ರಗಳಿಂದಲೇ ಆದದ್ದು. ನೋಡಿದವರು ಇದ್ದರೆ ಪಟ್ಟಿ ಅಚ್ಚಿಗೆ ಹೋಗುವುದರೊಳಗೆ ನಾಲ್ಕು ಸಾಲು ಬರೆದು ಕಳುಹಿಸಿ. ನೋಡದವರು ಡಿಸ್ಕ್ ಕೇಳಿ ಪಡೆಯಬಹುದು, ಈಗ ನಮ್ಮಲ್ಲೇ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಪಟ್ಟಿಯ ಸಂಪಾದಕರು
ಸಂಘದ ಪರವಾಗಿ