ಲೇಹ್‌ನಲ್ಲಿ ವಿಶ್ರಾಂತಿ ತಪ್ಪಿಸಿ ಖರ್ದುಂಗ್ ಲಾಗೆ ಕರೆದೊಯ್ದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಲಡಾಖ್ ಪ್ರವಾಸ ವಿಭಾಗ, ಬೆಂಗಳೂರು ಕಚೇರಿ

ಮಾನ್ಯರೇ,

ದೂರವಾಣಿಯಲ್ಲಿ ಹಲವು ಬಾರಿ ವಿನಂತಿಸಿಕೊಂಡರೂ "ಮೇಲಿನವರಿಗೆ ತಿಳಿಸುತ್ತೇವೆ" ಎಂಬ ಉತ್ತರದಾಚೆಗೆ ಏನೂ ಆಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲ 48 ಗಂಟೆ ವಿಶ್ರಾಂತಿ ಪಡೆಯಲೇಬೇಕೆಂದು ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲೇ ಮುದ್ರಿಸಿದ್ದೀರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನವರನ್ನು ಒಂದೇ ದಿನದಲ್ಲಿ 3,500 ಮೀಟರ್‌ಗೆ ಏರಿಸಿದರೆ ದೇಹ ಹೊಂದಿಕೊಳ್ಳಲು ಸಮಯ ಬೇಕೆಂಬುದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟದ ಆಚೆಗಿರುವ ನುಬ್ರಾ ಕಣಿವೆಯ ಹೋಟೆಲ್ ನಿಗದಿಗಿಂತ ಒಂದು ದಿನ ಮೊದಲಿನ ತಾರೀಖಿಗೇ ಬುಕ್ ಆಗಿದೆಯೆಂಬ ಕಾರಣಕ್ಕೆ ನಿಮ್ಮ ಟೂರ್ ಮ್ಯಾನೇಜರ್ ಮರುದಿನ ಬೆಳಗ್ಗೆಯೇ ಎಲ್ಲರನ್ನೂ ವಾಹನಕ್ಕೆ ಹತ್ತಿಸಿದರು.

ರಾತ್ರಿಯಿಡೀ ತಲೆನೋವಿನಿಂದ ನಿದ್ದೆಯಿಲ್ಲದೆ ಕಳೆದಿದ್ದ ನನ್ನ ತಾಯಿ ಸೌತ್ ಪುಲ್ಲುವಿನ ತಪಾಸಣಾ ಠಾಣೆಯ ಬಳಿ ವಾಂತಿ ಮಾಡಿಕೊಂಡಾಗ, ಹಿಂದಿರುಗೋಣವೆಂದು ನಾನು ಕೇಳಿಕೊಂಡೆ. "ಮೇಡಂ, ಕರ್ಪೂರ ಮೂಸಿಸಿ, ಸರಿಹೋಗುತ್ತದೆ" ಎಂದರು ಟೂರ್ ಮ್ಯಾನೇಜರ್. ಕರ್ಪೂರದಿಂದ ಆಮ್ಲಜನಕ ಹೆಚ್ಚುವುದಿಲ್ಲ ಎಂದೆ. "ಇಷ್ಟು ಭಯವಿದ್ದವರು ಊಟಿಗೆ ಹೋಗಬೇಕಿತ್ತು" ಎಂದರು. ಅಷ್ಟಕ್ಕೇ ನಿಲ್ಲದೆ ಉಳಿದ ಪ್ರಯಾಣಿಕರ ಕಡೆ ತಿರುಗಿ, "ಇವರೊಬ್ಬರಿಗೋಸ್ಕರ ವಾಪಸ್ ಹೋಗೋಣ ಅನ್ನುವವರು ಕೈ ಎತ್ತಿ" ಎಂದರು. ಯಾರೂ ಕೈ ಎತ್ತಲಿಲ್ಲ. ಸೀಟಿಗೆ ಒರಗಿದ್ದ ಅಮ್ಮನೇ, "ನನ್ನಿಂದ ಯಾರಿಗೂ ತೊಂದರೆ ಬೇಡಮ್ಮ, ಹೋಗೋಣ" ಎಂದು ನನ್ನ ಕೈ ಹಿಡಿದರು. ಕಾಯಿಲೆಯಾದ ಅರವತ್ತನಾಲ್ಕು ವರ್ಷದ ಹೆಂಗಸಿನ ಜೀವವನ್ನು ಮತಕ್ಕೆ ಹಾಕುವ ಅಧಿಕಾರ ನಿಮ್ಮ ಯಾವ ನಿಯಮದಲ್ಲಿದೆ?

5,359 ಮೀಟರ್ ಎತ್ತರದ ಖರ್ದುಂಗ್ ಲಾ ತಲುಪುವಷ್ಟರಲ್ಲಿ, ಅಂದರೆ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಸುಮಾರು ಅರ್ಧದಷ್ಟೇ ಸಿಗುವ ಜಾಗದಲ್ಲಿ, ಅಮ್ಮನ ತುಟಿ ನೀಲಿಗಟ್ಟಿತ್ತು. ನೀವು ಹಣ ಪಡೆದು ಒದಗಿಸಿದ ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿತ್ತು. ಬೇರೊಂದು ವಾಹನದ ಲಡಾಖಿ ಚಾಲಕರು ತಮ್ಮ ಸಿಲಿಂಡರ್ ಕೊಟ್ಟು, ಕೂಡಲೇ ಕೆಳಗಿಳಿಸಬೇಕೆಂದು ಹೇಳಿ, ತಾವೇ ನಮ್ಮನ್ನು ಲೇಹ್‌ನ ಆಸ್ಪತ್ರೆಗೆ ತಲುಪಿಸಿದರು. ನುಬ್ರಾದ ದಿಸ್ಕಿತ್‌ನಲ್ಲಿರುವ 32 ಮೀಟರ್ ಎತ್ತರದ ಮೈತ್ರೇಯ ಬುದ್ಧನ ಪ್ರತಿಮೆಯ ಮುಂದೆ ನಿಲ್ಲಬೇಕೆಂಬ ಒಂದೇ ಆಸೆಯಿಂದ ಈ ಪ್ರವಾಸಕ್ಕೆ ಒಪ್ಪಿದ್ದ ಅಮ್ಮ ಅದನ್ನು ನೋಡಲೇ ಇಲ್ಲ.

ಇಷ್ಟಾದ ಮೇಲೆ, "ನೀವೇ ಅರ್ಧಕ್ಕೆ ಬಿಟ್ಟು ಹೋದಿರಿ, ಹಣ ವಾಪಸ್ ಇಲ್ಲ" ಎಂದು ಬರೆದಿದ್ದೀರಿ.

ಬಾಕಿ ದಿನಗಳ ಹಣ, ಆಸ್ಪತ್ರೆಯ ವೆಚ್ಚ ಮತ್ತು ನನ್ನ ತಾಯಿಯ ಹೆಸರಿಗೆ ಲಿಖಿತ ಕ್ಷಮಾಪಣೆ 15 ದಿನಗಳೊಳಗೆ ಬರಬೇಕು. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ನಾನು ವಾಸಿಸುವ ಊರಿನಲ್ಲೇ ಸಲ್ಲಿಸಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಸೊನ್ನೆ ತೋರಿಸುವ ಸಿಲಿಂಡರಿನ ಚಿತ್ರ ನನ್ನ ಬಳಿ ಇದೆ. ಅಂದು ಕೈ ಎತ್ತದವರ ಪೈಕಿ ಇಬ್ಬರು ಈಗ ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ